ಅಟ್ಟ ತುಂಬಸೂಕಿಂತ ಮೊದಲ

ತಂಗೀ, ಸಂಗೊಳ್ಳಿ ಮನಿ ಅಟ್ಟಕ್ಕ ಬ್ಯಾಸಗಿ ಬರೂದ್ರೊಳಗ ಏನಾರ ತುಂಬಸೇ ಬಿಡಬೇಕು ಅಂತ ನೀ ಹಠ ಹಿಡದೀಯಂತ, ನಿಮ್ಮ ಅವ್ವ ಹೇಳಿದ್ಳು. ಮಧ್ಯಾಹ್ನದಾಗ ಪಡಸಾಲ್ಯಾಗ ಕೂಡಾಕ ಆಗದ ಅಪ್ಪ-ಅವ್ವ ಇಬ್ಬರೂ ಹೊರಗ ಕಟ್ಟಿ ಮ್ಯಾಲ ಬೇವಿನ ನೆಳ್ಳಿಗೆ ಬಂದು ಕೂಡತಾರ, ಅದು ನಿನಗ ಸಂಕಟ. ಖರೆ ಐತಿ, ಇಲ್ಲ ಅನ್ನೂದಿಲ್ಲ. ಗ್ಲಾಸ್ ವುಲ್ ಆರಿಂಚು ಹಾಕಸಲೋ ಎಂಟಿಂಚು ಹಾಕಸಲೋ ಅಂತ ನಿನ್ನ ಪ್ರಶ್ನಿ. ನಾ ಹೇಳೂದು ಬ್ಯಾರೆ. ಅಂಥಾ ಇಕ್ಕಟ್ಟಿನ ಅಟ್ಟದಾಗ ಏನು ತುಂಬತೀ ಅನ್ನೂದಕ್ಕಿಂತ ಏನು ಖಾಲಿ ಬಿಡತೀ ಅನ್ನೂದು ದೊಡ್ಡದು. ಹಳೇ ಮನಿ ರಿಪೇರಿ ಮಾಡಸೂದ್ರಾಗ ಕೂದಲಾ ಬೆಳ್ಳಗ ಮಾಡಕೊಂಡಾಂವ ನಾನು, ಇಷ್ಟು ಹೇಳೂ ಹಕ್ಕು ಈ ಕಾಕಾಗ ಐತಿ ಅನಕೋ.

ನೀ ಓದಿದ ಆರಿಂಚು ಎಂಟಿಂಚು ಥಂಡಿ ದೇಶದ ಲೆಕ್ಕ. ಅಮೆರಿಕದ ಉತ್ತರ ಭಾಗದಾಗ ಅಟ್ಟದ ನೆಲಕ್ಕ ಒಂದು ಫೂಟಿಗೂ ಹೆಚ್ಚು ದಪ್ಪ ಹೊದಿಕಿ ಹಾಸತಾರ. ಅಲ್ಲಿ ಹೊರಗ ಹಿಮ, ಒಳಗ ಹೀಟರ್. ಒಳಗಿನ ಬಿಸಿ ಮ್ಯಾಲೆದ್ದು ಹೊರಗ ಓಡತೈತಿ, ಅದನ್ನ ಹಿಡಿದು ಇಡೂದ ಅವರ ಚಿಂತಿ, ಅದೂ ಹಗಲೂ ರಾತ್ರಿ. ನಮ್ಮ ಬೈಲಹೊಂಗಲ ಸೀಮ್ಯಾಗ ಚೈತ್ರ-ವೈಶಾಖದ ಮಧ್ಯಾಹ್ನ 36, 37 ಡಿಗ್ರಿ ಆದ್ರೂ, ಹೊತ್ತು ಮುಳುಗಿದ ಮ್ಯಾಲ ಮಲಪ್ರಭಾ ಹೊಳಿ ಕಡಿಂದ ಗಾಳಿ ಬಿಟ್ಟಿತಂದ್ರ ಬೆಳಗಿನ ಜಾವಕ್ಕ ಹೊದ್ದುಕೊಳ್ಳಬೇಕು ಅನಸತೈತಿ. ನಮಗ ಬೇಕಾದದ್ದು ಎರಡ: ಹಗಲಿನ ನಾಕೈದು ತಾಸು ಮ್ಯಾಲಿಂದ ಬೀಳೂ ಝಳ ತಡಿಯೂದು, ರಾತ್ರಿ ಮನಿ ಒಳಗಿನ ಸೆಕಿ ಹೊರಗ ಹೋಗಾಕ ದಾರಿ ಬಿಡೂದು. ಅಟ್ಟದ ತುಂಬ ಉಣ್ಣಿ ಗಿಡದ್ರ ಮೊದಲನೇದು ಆಗತೈತಿ, ಎರಡನೇದು ಕೆಡತೈತಿ.

ಇನ್ನ ನಿಮ್ಮ ಮನಿ ಹೆಂಗ ಕಟ್ಯಾರ ನೋಡು. ಅದು ಎರಡು ಕಾಲದ ಮನಿ. ಹಿಂದಿನ ಅಡಗಿಮನಿ, ದೇವರ ಖೋಲಿ ಮಣ್ಣಿನ ಮಾಳಗಿ. ತೊಲಿ, ಜಂತಿ, ಅದರ ಮ್ಯಾಲ ಹಲಗಿ, ಹಲಗಿ ಮ್ಯಾಲ ಸುಮಾರು ಒಂದು ಫೂಟ್ ಮಣ್ಣು, ಮಳಿಗಾಲಕ್ಕ ಮುಂಚೆ ಮ್ಯಾಲ ಸವಳು ಮಣ್ಣ ಹಾಕಿ ಬಡದು ಕೂಡಸೂದು. ಮುಂದಿನ ಪಡಸಾಲಿಗೆ ನಿಮ್ಮ ಮುತ್ಯಾನ ಕಾಲಕ್ಕ ಹಂಚು ಬಂತು. ಮಂಗಳೂರಾಗ ಬಾಸೆಲ್ ಮಿಶನ್ನವರು 1865ರಾಗ ಹಂಚಿನ ಕಾರ್ಖಾನಿ ಹಾಕಿದ್ರು, ಆಮ್ಯಾಲ ಅಂಥಾ ಹಂಚು ನಮ್ಮ ಜಿಲ್ಲಾದ ಖಾನಾಪುರದಾಗೂ ಸುಡಾಕ ಹತ್ತಿದ್ರು. ಖಾನಾಪುರದ ಮಣ್ಣಿನ ಗುಣಾನ ಹಂಗ. ಅದಕ್ಕ ಕುಂಬಾರಿಕಿ ಕಲಸೂ ಕೇಂದ್ರ ಸಂಸ್ಥಾನೂ ಅಲ್ಲೇ ಐತಿ. ನಿಮ್ಮ ಪಡಸಾಲಿ ಹಂಚು ಆ ಕಡಿವೇ.

ಈ ಎರಡರ ಸ್ವಭಾವ ಬ್ಯಾರೆ ಬ್ಯಾರೆ. ಮಣ್ಣಿನ ಮಾಳಗಿ ಬಿಸಿ ತಡಿಯೂದಿಲ್ಲ, ತಡಮಾಡಿ ದಾಟಸತೈತಿ. ಮಧ್ಯಾಹ್ನದ ಝಳ ಒಂದು ಫೂಟ್ ಮಣ್ಣ ದಾಟಿ ಕೆಳಗ ಇಳಿಯೂದ್ರಾಗ ರಾತ್ರಿ ಆಗಿರತೈತಿ. ಆಗ ಕಿಟಕಿ ತೆರದ್ರ ಆತು. ಅದಕ್ಕ ಅಡಗಿಮನ್ಯಾಗ ಒಲಿ ಉರಿದ್ರೂ ಅಲ್ಲಿ ಕೂಡಾಕ ಬರತೈತಿ, ಪಡಸಾಲ್ಯಾಗ ಬರೂದಿಲ್ಲ. ಹಂಚು ಬೆರಳು ದಪ್ಪ. ಬಿಸಲು ಬಿದ್ದ ಸ್ವಲ್ಪ ಹೊತ್ತಿಗೆ ಅದರ ಒಳಮೈ 50 ಡಿಗ್ರಿ ದಾಟತೈತಿ, ಬಿಸಲು ಸರದ್ರ ಅಷ್ಟ ಲಗೂನ ಆರತೈತಿ. ಅಂದಮ್ಯಾಲ ಮಾಳಗಿ ಕಡೆ ನೀ ಕೈ ಹಚ್ಚಬ್ಯಾಡ. ಸೋರತೈತಿ ಅಂತ ಮಣ್ಣ ತಗಸಿ ತಗಡು ಹೊಚ್ಚಸೂದು ಈಗಿನ ರೂಢಿ. 2019ರ ಆಗಸ್ಟದಾಗ ಮಲಪ್ರಭಾ ಉಕ್ಕಿ ಬಂದು ಹೊಳಿಸಾಲಿನ ಊರಾಗ ಎಷ್ಟೋ ಮಣ್ಣಿನ ಗ್ವಾಡಿ ಕುಸದ್ವು, ಆಮ್ಯಾಲ ಆ ರೂಢಿ ಇನ್ನೂ ಹೆಚ್ಚಾತು. ಅಂಜಿಕಿ ತಪ್ಪಲ್ಲ, ಒಂದು ಫೂಟ್ ದಪ್ಪದ ಮಣ್ಣು ಚದರ ಫೂಟಿಗೆ 45-50 ಕಿಲೋ ಭಾರ, ಗ್ವಾಡಿ ನೆನದಾಗ ಅದು ತಲಿಮ್ಯಾಲಿನ ಕುತ್ತ. ಆದ್ರ ನಿಮ್ಮ ಗ್ವಾಡಿ ಕಲ್ಲಿಂದು, ತೊಲಿ ಸಾಗವಾನಿ. ಸೋರೂ ಜಾಗಾ ಹುಡಕಿ ಅಷ್ಟ ರಿಪೇರಿ ಮಾಡಸು.

ಹಂಗಂದ್ರ ನಮ್ಮ ಜಗಳ ಹಂಚಿನ ಪಡಸಾಲಿ ಜೋಡಿ. ಅಲ್ಲಿ ಅಟ್ಟ ಅಂದ್ರ ಏನು? ಹಲಗಿ ಛತ್ತು, ಅದರ ಮ್ಯಾಲ ಇಳಿಜಾರು ಹಂಚು, ನಡುವ ಕುಂತು ಸರೀಬೇಕು, ಸೂರಿನ ಕಡೆ ಬೋರಲ ಮಲಗಬೇಕು. ಸುಡೂ ಹಂಚಿಂದ ಹಲಗಿಗೆ ಬಿಸಿ ಹೆಂಗ ಇಳೀತೈತಿ ಅನ್ನೂದು ತಿಳಕೊಂಡ್ರ ಅರ್ಧ ಕೆಲಸ ಆದಂಗ. ಕಾದ ಗಾಳಿ ಕೆಳಗ ಇಳಿಯೂದಿಲ್ಲ, ನೆತ್ತಿಗೇ ಏರಿ ನಿಲ್ಲತೈತಿ. ಕೆಳಗ ಬರೂದು ಬಹುಪಾಲು ನೇರ ಝಳ. ಒಲಿ ಮುಂದ ಕುಂತಾಗ ಮಾರಿಗೆ ಬಡಿತೈತಲ್ಲ, ಅದು. ನಡುವ ಒಂದು ಪರಾತ ಹಿಡದ್ರ ಗಪ್ಪನ ನಿಲ್ಲತೈತಿ. ಪರಾತ ದಪ್ಪ ಏನಿರೂದಿಲ್ಲ, ಹೊಳಪು ಇರತೈತಿ ಅಷ್ಟ.

ಆ ಹೊಳಪಿನ ಕೆಲಸ ಮಾಡೂದು ಅಲ್ಯೂಮಿನಿಯಂ ಫಾಯಿಲ್ ಹಾಳಿ. ಸ್ವಚ್ಛ ಫಾಯಿಲ್ ಬಂದ ಝಳದಾಗ ನೂರಕ್ಕ ತೊಂಬತ್ತೈದು ಪಾಲು ಹೊಳ್ಳಿ ಕಳಸತೈತಿ, ತಾ ಕಾದ್ರೂ ಕೆಳಗ ಬಿಡೂದು ಭಾಳ ಕಡಿಮಿ. ಅಂಗಡ್ಯಾವ್ರು ಹೇಳೂ ಈ ಮಾತು ಸುಳ್ಳಲ್ಲ. ಅವರು ಹೇಳದ ಮಾತು ಒಂದೈತಿ: ಫಾಯಿಲಿನ ಒಂದು ಮಗ್ಗಲಿಗಾದ್ರೂ ಒಂದಿಂಚು ಗಾಳಿ ಸಂದು ಇರಬೇಕು. ಹಂಚಿಗೆ ಅಂಟಿಸಿ ಮ್ಯಾಲ ಇನ್ನೇನಾರ ಒತ್ತಿ ಬಿಟ್ಟಿ ಅಂದ್ರ ಅದು ಬರೇ ಲೋಹದ ತಗಡು, ಬಿಸೀನ ಸರಾಗ ದಾಟಸತೈತಿ. ಇನ್ನೊಂದು, ಹೊಳಪಿನ ಮಾರಿ ಯಾವ ಕಡೆ? ಮಂದಿ ಬಿಸಲಿನ ಕಡೆ ಅಂತ ಮ್ಯಾಲ ಮಾಡತಾರ. ನಮ್ಮೂರ ಸುಗ್ಗಿ ದಿನದ ಧೂಳಿ ನಿನಗ ಗೊತ್ತಲ್ಲ? ಜ್ವಾಳ, ಕಡ್ಲಿ ಒಕ್ಕಣಿ ನಡದಾಗ ಹಂಚಿನ ಸಂದ್ಯಾಗಿಂದ ಹೊಟ್ಟು-ಧೂಳಿ ಅಟ್ಟದ ತುಂಬ. ಮ್ಯಾಲ ಮಾರಿ ಮಾಡಿದ ಫಾಯಿಲ್ ಒಂದೆರಡು ವರ್ಷದಾಗ ಬೂದಿ ಬಣ್ಣ ಆಗಿ ಕುಂಡರತೈತಿ. ಕೆಳಗ ಮಾರಿ ಮಾಡಿ ಹಚ್ಚಸು. ಧೂಳಿ ಕೂಡೂದಿಲ್ಲ, ಗುಣಾ ಅಷ್ಟ ಇರತೈತಿ.

ಬರೇ ಫಾಯಿಲ್ ಸಾಕೇನು? ಬಾಡಗಿ ಮನಿಗಾದ್ರ ಸಾಕು ಅಂತಿದ್ದೆ. ಅಪ್ಪ-ಅವ್ವ ಇರೂ ಮನಿಗೆ ಅದರ ಜೋಡಿ ಬಿಸಿ ತಡಿಯೂ ಸಾಮಾನಿನ ಒಂದಿಂಚು ಬಿರುಸು ಹಲಗಿ ಇರಲಿ, ಒಂದು ಮಗ್ಗಲಿಗೆ ಫಾಯಿಲ್ ಅಂಟಿಸಿದ್ದು. ಒಂದಿಂಚ ಯಾಕ ಅಂತೀ? ಲೆಕ್ಕ ಹೇಳತೀನಿ ಕೇಳು. ಬರೇ ಛಾವಣಿಯಿಂದ ಹತ್ತು ಪಾಲು ಬಿಸಿ ಒಳಗ ಬರತೈತಿ ಅನಕೋ. ಒಂದಿಂಚು ಥರ್ಮಾಕೋಲಿನಂಥಾ ಸಾಮಾನು ಅದರಾಗ ಹೆಚ್ಚೂಕಡಿಮಿ ಏಳು ಪಾಲು ನಿಲ್ಲಸತೈತಿ. ಎರಡನೇ ಇಂಚು ಇನ್ನೊಂದು ಪಾಲು. ಮೂರನೇ ಇಂಚು ಅರ್ಧ ಪಾಲು. ರೊಕ್ಕ ಮಾತ್ರ ಮೂರಕ್ಕೂ ಸಮ ಹೋಗತಾವ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಾಗ ಮನಿಗಳಿಗಂತ 'ಇಕೋ ನಿವಾಸ ಸಂಹಿತಾ' ತಂತು. ಅದು ದೊಡ್ಡ ಜಾಗಾದ ಹೊಸ ಕಟ್ಟಡದ ಸಲುವಾಗಿ, ನಮ್ಮ ಹಳೇ ಮನಿಗೆ ಲಾಗೂ ಇಲ್ಲ, ಆದ್ರ ಅದರ ಅಳತಿ ಉಪಯೋಗಕ್ಕ ಬರತೈತಿ. ಹೊರಗ-ಒಳಗ ಒಂದು ಡಿಗ್ರಿ ಅಂತರ ಇದ್ರ ಛಾವಣಿ ಚದರ ಮೀಟರಿಗೆ 1.2 ವ್ಯಾಟಿಗಿಂತ ಹೆಚ್ಚು ಬಿಸಿ ಒಳಗ ಬಿಡಬಾರದು ಅಂತ ಅದರ ಮಾತು. ಒಂದಿಂಚು ಒಳ್ಳೇ ಹಲಗಿ, ಅದರ ಮ್ಯಾಲ-ಕೆಳಗ ಗಾಳಿ. ಆ ಅಳತಿ ಮುಟ್ಟತೈತಿ. ಸರ್ಕಾರನ ಅಷ್ಟಕ್ಕ ಸಾಕು ಅಂತೈತಿ, ನಿನಗ ಎಂಟಿಂಚು ಯಾಕ ಬೇಕವ್ವಾ?

ಇನ್ನ ಯಾವ ಸಾಮಾನು ಅನ್ನೂದು. ಥರ್ಮಾಕೋಲ್ ಹಗುರ, ಸೋವಿ, ನೀರಿಗೆ ಹೆದರೂದಿಲ್ಲ. ಒಂದಿಂಚು ಥರ್ಮಾಕೋಲ್ ತಡಿಯೂ ಬಿಸಿ ತಡಿಯಾಕ ಸುಮಾರು ನಲವತ್ತು ಇಂಚು ಕಾಂಕ್ರೀಟ್ ಬೇಕು. ಆದ್ರ ಇಲಿಗೆ ಅದು ಹಬ್ಬ, ಬೆಂಕಿ ಹತ್ತಿದ್ರ ಕರಗಿ ಕರೀ ಹೊಗಿ ಕಾರತೈತಿ. ತಗೊಂಡ್ರ ಬೆಂಕಿ ಹರಡದ ದರ್ಜಿದು ಅಂತ ಬಿಲ್ಲಿನ ಮ್ಯಾಲ ಬರಸಿಕೊಂಡು ತಗೋ, ಅಂಚಿಗೆ ಕಬ್ಬಿಣದ ಸಣ್ಣ ಜಾಳಗಿ ಹೊಡಸು. ಅಡಗಿಮನಿಗೆ ತಾಗಿದ ಕೊನಿ ಐತಲ್ಲ, ಅಲ್ಲಿ ಥರ್ಮಾಕೋಲ್ ಬ್ಯಾಡ. ಅಲ್ಲಿಗೆ ರಾಕ್ ವುಲ್ ಹಲಗಿ. ಕಲ್ಲು ಕರಗಿಸಿ ಎಳದ ನೂಲು ಅದು, ಒಲಿ ಕಿಡಿಗೆ ಏನೂ ಆಗೂದಿಲ್ಲ. ಗ್ಲಾಸ್ ವುಲ್ ಕೆಟ್ಟದ್ದಲ್ಲ, ಇಕ್ಕಟ್ಟಿನ ಜಾಗಾಕ್ಕ ಹೊಂದೂದಿಲ್ಲ. ಅದರ ಗುಣಾ ಇರೂದು ಉಬ್ಬಿನ್ಯಾಗ, ಒತ್ತಿ ತುರಕಿದ್ರ ಉಬ್ಬೂ ಹೋತು, ಗುಣಾನೂ ಹೋತು. ಒಂದು ಹಂಚು ಒಡದು ನೀರು ಬಿತ್ತಂದ್ರ ಜೋತು ಬೀಳತೈತಿ, ಆ ಹಸಿ ಹಲಗಿ ಮ್ಯಾಲ ತಿಂಗಳಗಟ್ಟಲೆ ಕುಂಡರತೈತಿ. ಮೈ ತುರಕಿ ಬ್ಯಾರೆ.

ಒಂದಕ್ಕ ಮಾತ್ರ ಸಾಫ್ ಬ್ಯಾಡ ಅಂತೀನಿ: ಹಂಚಿನ ಒಳಮೈಗೆ ಪಂಪಿನಿಂದ ಹೊಡಿಯೂ ಪಿಯುಎಫ್ ನೊರಿ. ಬೆಳಗಾವ್ಯಾಗ ಗೋಡೌನಿಗೆ ಹೊಡದದ್ದು ತೋರಸಿ ನಿನ್ನ ಮನಸ್ಸು ತಿರಗಸತಾರ. ಬಿಸಿ ತಡಿಯೂದ್ರಾಗ ಇವುಗಳಾಗ ಅದರ ಸಮಾ ಯಾವುದೂ ಇಲ್ಲ, ಒಪ್ಪಿದೆ. ಆದ್ರ ಹಂಚಿನ ಮನಿ ಧರ್ಮ ಏನು? ವರ್ಷಾ ಒಂದು ಸಲ ಹಂಚು ಕೈಯಾಡಸೂದು, ಒಡದದ್ದು ತಗದು ಹೊಸಾದು ಇಡೂದು. ನೊರಿ ಹೊಡದ ಮ್ಯಾಲ ಎಲ್ಲಾ ಹಂಚು, ರೀಪು, ಪಕಾಸಿ ಕೂಡಿ ಒಂದ ಗಟ್ಟಿ. ಒಂದು ಹಂಚು ತಗಿಯಾಕ ಬರೂದಿಲ್ಲ. ಸೋರಿದ ನೀರು ಎಲ್ಲಿಂದ ಬಂತು ತಿಳಿಯೂದಿಲ್ಲ, ಪಕಾಸ್ಯಾಗ ಒರಲಿ ಹತ್ತಿದ್ರ ಕಾಣೂದಿಲ್ಲ. ಕಂಡಾಗ ಪಕಾಸಿ ಟೊಳ್ಳಾಗಿರತೈತಿ.

ನಿಮ್ಮ ಅಪ್ಪ ಹತ್ತಿ ಹಾಕೂನು ಅಂದಾನಂತ. ಬೈಲಹೊಂಗಲ ಹತ್ತಿ ಪ್ಯಾಟಿ ಕಂಡಾವಗ ಆ ಇಚಾರ ಬರೂದು ಸಹಜ, ಹಿಂಜಿದ ಹತ್ತಿ ಬಿಸಿ ತಡಿಯೂದ್ರಾಗ ಥರ್ಮಾಕೋಲಿಗೆ ಏನೂ ಕಡಿಮಿ ಇಲ್ಲ. ಹೊರದೇಶದಾಗ ಹಳೇ ಜೀನ್ಸ್ ಬಟ್ಟಿ ಹಿಂಜಿ ಮಾಡಿದ ಹೊದಿಕಿ ಮಾರತಾರ, ಆದ್ರ ಅದಕ್ಕ ಬೋರೇಟ್ ಉಪ್ಪು ಕುಡಿಸಿರತಾರ, ಬೆಂಕಿ ಹತ್ತಬಾರದು, ಬೂಸ್ಟು ಹಿಡಿಬಾರದು ಅಂತ. ಹಂಗ ಏನೂ ಮಾಡದ ಗಾದಿ ಹತ್ತಿ ಅಟ್ಟದಾಗ ತುಂಬಿದ್ರ ಒಂದು ಕಿಡಿಗೆ ಮನಿ ಹೋಗತೈತಿ. ಕಬ್ಬಿನ ಸಿಪ್ಪಿ ಹಲಗಿ ಅಂತೂ ಹೊಸಾ ಮಾತಲ್ಲ. ಅಮೆರಿಕದ ಲೂಸಿಯಾನಾದಾಗ 1920ರ ದಶಕದಾಗ 'ಸೆಲೋಟೆಕ್ಸ್' ಅಂತ ಅದನ್ನ ಮಾಡಿ ಮನಿಮನಿಗೆ ಮಾರಿದ್ರು. ಎಂ.ಕೆ. ಹುಬ್ಬಳ್ಳಿ ಸಕ್ಕರಿ ಕಾರ್ಖಾನಿ ನಮ್ಮ ಮಗ್ಗಲಿಗೇ ಇದ್ರೂ ಅಂಥಾ ಹಲಗಿ ನಮ್ಮ ಪ್ಯಾಟ್ಯಾಗ ನಾ ಕಂಡಿಲ್ಲ, ಸಿಪ್ಪಿ ಎಲ್ಲಾ ಬಾಯ್ಲರಿಗೆ ಹೋಗತೈತಿ. ಭತ್ತದ ಹೊಟ್ಟು ಮಾತ್ರ ನನಗ ಮೆಚ್ಚು. ಖಾನಾಪುರ ಕಡೆ ಗಿರಣ್ಯಾಗ ಕೇಳಿದಷ್ಟು ಸಿಗತೈತಿ. ಸಿಲಿಕಾ ಹೆಚ್ಚಿರೂದ್ರಿಂದ ಭಗ್ಗನ ಹತ್ತೂದಿಲ್ಲ, ಒಳಗೊಳಗ ಕನಿತೈತಿ ಅಷ್ಟ. ಗುಣಾ ಥರ್ಮಾಕೋಲಿನ ಮೂರರಾಗ ಎರಡು ಪಾಲು. ಹಂಚಿಗೆ ಕೈ ಹಾಕಾಕ ಆಗೂದಿಲ್ಲ, ಹಲಗಿ ಮ್ಯಾಲ ಏನಾರ ಹಾಸೂದ ದಾರಿ ಅನ್ನಾವರಿಗೆ, ಹೊಟ್ಟನ್ನ ಚೊಲೋ ಕೇರಿ, ನುಚ್ಚು ತಗದು, ಚೀಲದಾಗ ತುಂಬಿ ನಾಕಿಂಚು ಹಾಸಿಕೊಳ್ರಿ ಅಂತೀನಿ. ನಿನಗ ಅದರ ಜರೂರು ಇಲ್ಲ.

ಯಾಕ ಇಲ್ಲ ಅಂದ್ರ, ನಿಮ್ಮ ಅಟ್ಟಕ್ಕ ಒಳಗಿಂದ ಕೈ ಹಾಕೂದ ಬ್ಯಾಡ. ಹೆಂಗೂ ಹಂಚು ಕೈಯಾಡಸಬೇಕು, ಆವಾಗ ಮ್ಯಾಲಿಂದ ಮಾಡಸು. ಒಂದು ಪಟ್ಟಿ ಹಂಚು ತಗಿಯೂದು, ರೀಪು ಬಿಚ್ಚೂದು, ಪಕಾಸಿ ಮ್ಯಾಲ ಹಲಗಿ ಹಾಸೂದು, ಫಾಯಿಲ್ ಮಾರಿ ಕೆಳಗ. ಆಮ್ಯಾಲ ಪಕಾಸಿ ಉದ್ದಕ್ಕೂ, ಅಂದ್ರ ನೆತ್ತಿಯಿಂದ ಸೂರಿನ ತನಕ, ಒಂದಿಂಚು ದಪ್ಪದ ಕಟ್ಟಿಗಿ ಪಟ್ಟಿ ಹೊಡಸು. ಅದರ ಮ್ಯಾಲ ಅಡ್ಡ ರೀಪು, ರೀಪಿನ ಮ್ಯಾಲ ಹಂಚು. ಈ ಉದ್ದ ಪಟ್ಟಿ ವಿಷಯದಾಗ ಬಡಿಗ್ಯಾರ ನಿನ್ನ ಜೋಡಿ ವಾದ ಮಾಡತಾನ, 'ಬಾಯಾರ, ಸುಮ್ಮನ ಖರ್ಚು, ರೀಪ ನೇರ ಹಲಗಿ ಮ್ಯಾಲ ಹೊಡಿತೀನಿ' ಅಂತಾನ. ಬಗ್ಗಬ್ಯಾಡ. ಉದ್ದ ಪಟ್ಟಿ ಇದ್ರ ಹಂಚಿನ ಕೆಳಗ ಕಾದ ಗಾಳಿ ಸೂರಿಂದ ನೆತ್ತಿಗೆ ಹರದು ಹೋಗತೈತಿ, ಒಡದ ಹಂಚಿಂದ ಇಳದ ನೀರು ಹಲಗಿ ಮ್ಯಾಲ ಜಾರಿ ಸೂರಿಗೆ ಹೋಗತೈತಿ. ಇಲ್ಲದಿದ್ರ ಎರಡೂ ಅಡ್ಡ ರೀಪಿಗೆ ತಡದು ನಿಲ್ಲತಾವ, ನೀರು ನಿಂತಲ್ಲಿ ಕಟ್ಟಿಗಿ ಕೊಳೀತೈತಿ. ಹಲಗಿ ಜೋಡಸುವಾಗ ಮ್ಯಾಲಿನದರ ಅಂಚು ಕೆಳಗಿನದರ ಮ್ಯಾಲ ಬರಬೇಕು, ಹಂಚು ಹೊಂದಸಿದಂಗನ. ನೆತ್ತಿಯಾಗ ಎರಡು ಕಡೆ ಹಲಗಿ ಕೂಡಸಬ್ಯಾಡ, ನಾಕು ಬೆರಳು ಸಂದು ಬಿಡಸು, ನೆತ್ತಿ ಹಂಚಿನ ಕೆಳಗ ಗಾಳಿ ಹೊರಗ ಹೋಗೂವಂಗ. ಸೂರಿನ ಕಡೆನೂ ತೆರದಿರಲಿ, ಗುಬ್ಬಿ ಇಲಿ ಬರದಂಗ ಜಾಳಗಿ ಹಾಕಸು. ಇದ ನೋಡು ನಾ ಹೇಳಿದ ಖಾಲಿ ಜಾಗಾ. ಅಡಗಿಮನಿ ಬೆಳಕಿಂಡಿ ಮುಚ್ಚಸಬ್ಯಾಡ ಅಂತ ಬ್ಯಾರೆ ಹೇಳಬೇಕಾಗಿಲ್ಲ. ಆದ್ರೂ ಹೇಳತೀನಿ, ಕೆಲಸದ ಹುಡುಗರು ಅದನ್ನ ತೂತು ಅಂತ ತಿಳದು ಮುಚ್ಚಿಬಿಡತಾರ.

ವೈರಿಂಗ್ ಮಾತು ಬಿಟ್ಟ ಮುಂದ ಹೋಗೂದು ಬ್ಯಾಡ. 2009ರಾಗ ಆಸ್ಟ್ರೇಲಿಯಾ ಸರ್ಕಾರ ಮನಿಮನಿ ಅಟ್ಟಕ್ಕ ಹೊದಿಕಿ ಹಾಕಸೂ ದೊಡ್ಡ ಯೋಜನಾ ತಂತು. ಕೆಲಸಕ್ಕ ಬಂದ ನಾಕು ಮಂದಿ ಹುಡುಗರು ಸತ್ತರು. ಮೂವರು ಅಟ್ಟದಾಗ ಕರೆಂಟ್ ಹೊಡದು, ಒಬ್ಬಾಂವ ಅಲ್ಲಿನ ಸೆಕಿಗೆ. ಫಾಯಿಲಿಗೆ ಹೊಡದ ಲೋಹದ ಪಿನ್ನು ಒಳಗಿನ ವೈರಿಗೆ ತಾಗಿ ಕರೆಂಟ್ ಹರದದ್ದೂ ಅದರಾಗ ಐತಿ. 2010ರ ಫೆಬ್ರುವರಿಯಾಗ ಯೋಜನಾ ನಿಲ್ಲಸಿದ್ರು, 2014ರಾಗ ಅದರ ಮ್ಯಾಲ ರಾಯಲ್ ಕಮಿಷನ್ ವಿಚಾರಣಿನೂ ಆತು. ಅಂಥಾ ಕಟ್ಟುನಿಟ್ಟಿನ ದೇಶದಾಗ ಹಂಗಾದ್ರ, ನಮ್ಮ ಅಟ್ಟದಾಗ ಕಟ್ಟಿಗಿ ಪಟ್ಟಿ ಮ್ಯಾಲಿನ ಹಳೇ ವೈರು, ಇಲಿ ಕಡದದ್ದು, ಟೇಪ್ ಸುತ್ತಿದ್ದು! ಮೊದಲ ಅದನ್ನೆಲ್ಲಾ ಕಿತ್ತು ಹೊಸಾ ವೈರು ಪೈಪಿನ್ಯಾಗ ಎಳಸು, ಅರ್ಥಿಂಗ್ ತಪಾಸಸು. ಕೆಲಸ ನಡದಿದ್ದಷ್ಟು ದಿನ ಮೇನ್ ಸ್ವಿಚ್ ಬಂದ್ ಇರಲಿ, ಫ್ಯೂಜ್ ನಿನ್ನ ಕಡೆ ಇರಲಿ. ಹಲಗಿ ಕೂಡಸೂದು ಪ್ಲಾಸ್ಟಿಕ್ ವಾಶರಿನ ಸ್ಕ್ರೂನಿಂದ, ಪಿನ್ನು ಬ್ಯಾಡ. ಬಿಸಲು ಏರಿದ ಮ್ಯಾಲ ಯಾರನ್ನೂ ಅಟ್ಟ ಹತ್ತಸಬ್ಯಾಡ. ಬೆಳಿಗ್ಗೆ ಹತ್ತರೊಳಗ ಒಳಗಿನ ಕೆಲಸ ಮುಗೀಬೇಕು.

ಕೆಲಸಕ್ಕ ವ್ಯಾಳ್ಯಾನೂ ಹೇಳತೀನಿ. ಜನವರಿಯಾಗ ಸಂಗೊಳ್ಳಿ ರಾಯಣ್ಣನ ಉತ್ಸವ ಮುಗೀಲಿ. ಅದರ ಮೊದಲ ಊರಾಗ ಒಬ್ಬ ಗೌಂಡಿ ಕೈಗೆ ಸಿಗೂದಿಲ್ಲ. ಆಮ್ಯಾಲ ಯುಗಾದಿ ತನಕ ಆಕಾಶ ಸ್ವಚ್ಛ. ಏಪ್ರಿಲ್ ಹತ್ತಿತಂದ್ರ ಅಡ್ಡಮಳಿ ಯಾವ ಸಂಜಿಗೆ ಬರತೈತಿ ಹೇಳಾಕ ಬರೂದಿಲ್ಲ, ಹಂಚು ತಗದ ಮನಿಗೆ ಒಂದು ಆಣಿಕಲ್ಲ ಮಳಿ ಸಾಕು. ಹಂಚು ತಗದಾಗ ಒಂದೊಂದ ಪಕಾಸಿನೂ ಉಳಿ ಹಿಡಕೊಂಡ ಚುಚ್ಚಿ ನೋಡಸು, ಮೆತ್ತಗ ಇದ್ದದ್ದನ್ನ ಬದಲಿ ಮಾಡಸು. ಅಟ್ಟದಾಗ ತುಂಬಿದ ಹಳೇ ಕುಳ್ಳು, ಹತ್ತಿಕಟ್ಟಿಗಿ, ನಿಮ್ಮ ಅಜ್ಜಿ ತೊಟ್ಟಲ, ಮುರಕ ನೇಗಲ ಎಲ್ಲಾ ಕೆಳಗ ಇಳೀಲಿ. ತೊಟ್ಟಲ ಇಟ್ಟಕೋ, ಉಳದದ್ದು ಮತ್ತ ಮ್ಯಾಲ ಏರಬಾರದು.

ಹಿತ್ತಲದಾಗ ಹೊಸಾ ಸಿಮೆಂಟ್ ಸ್ಲ್ಯಾಬಿನ ಖೋಲಿ ಐತಲ್ಲ, ಅದಕ್ಕ ಇದ್ಯಾವುದೂ ಬ್ಯಾಡ. ಹೋಳಿ ಹುಣ್ಣಿವಿ ಮುಗಿದ ಮ್ಯಾಲ ಸ್ಲ್ಯಾಬ್ ತೊಳದು ಎರಡು ಕೈ ದಪ್ಪ ಸುಣ್ಣ ಬಳಸು, ಸ್ವಲ್ಪ ಫೆವಿಕಾಲ್ ಕೂಡಿಸಿ. ಬಿಸಲು ಬಹಳಷ್ಟು ಅಲ್ಲಿಂದನ ಹೊಳ್ಳಿ ಹೋಗತೈತಿ. ತೆಲಂಗಾಣದವ್ರು 2023ರಾಗ ತಂಪು ಛಾವಣಿ ನೀತಿ ಅಂತನ ತಂದಾರ, ಅದರ ತಿರುಳು ಇಷ್ಟ. ಹಿಂದಿನ ದನದ ಕೊಟ್ಟಗಿ ಮ್ಯಾಲಿನ ಹಳೇ ಸಿಮೆಂಟ್ ಶೀಟು ಮಾತ್ರ ಕೊರಿಸಬ್ಯಾಡ, ಕತ್ತರಸಬ್ಯಾಡ. ಅದು ಆಸ್ಬೆಸ್ಟಾಸ್, ಅದರ ಧೂಳಿ ಪುಪ್ಪಸಕ್ಕ ಕೆಟ್ಟದ್ದು. ತಗಿಯೂದಾದ್ರ ನೀರು ಹೊಡದು ಇಡೀ ಶೀಟ ಹಂಗ ಇಳಸಲಿ.

ಈಗ ನೀ ಮಾಡಬೇಕಾದದ್ದು: ಮುಂದಿನ ಸಲ ಊರಿಗೆ ಬಂದಾಗ ಪಕಾಸಿ ಎಷ್ಟು ಇಂಚು ಆಳ, ಎರಡು ಪಕಾಸಿ ನಡುವ ಎಷ್ಟು ಅಂತರ, ಸೂರಿಂದ ನೆತ್ತಿಗೆ ಎಷ್ಟು ಫೂಟ್, ಮೂರೂ ಅಳದು ಬರಕೋ. ಹತ್ತು ರೂಪಾಯಿ ಹೆಚ್ಚಾದ್ರೂ ಹಂಚು ನೂರೈವತ್ತು ಹೆಚ್ಚಿಗಿ ತರಸು, ಹಳೇ ಹಂಚು ಇಳಸುವಾಗ ಒಡದೇ ಒಡೀತಾವ. ಖಾನಾಪುರದ ಹಳೇ ಹಂಚಿನ ಕೊಕ್ಕಿಗೆ ಹೊಸಾ ಹಂಚಿನ ಕೊಕ್ಕಿ ಕೂಡೂದಿಲ್ಲ, ಅದಕ್ಕ ಒಂದು ಹಳೇ ಹಂಚು ಗಾಡ್ಯಾಗ ಇಟಗೊಂಡ ಹೋಗು, ಜೋಡಿಸಿ ನೋಡಿನ ರೊಕ್ಕ ಕೊಡು.